ಬ್ಯಾಟರಿ ಸತ್ತ ಮೇಲೆ ಸೈಕಲ್ ಉಳಿಯುತ್ತದೆಯೇ?

ಕಳೆದ ತಿಂಗಳು ನಮ್ಮ ಕಾಲೇಜಿನ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸರ್, ಎರಡ್ ನಿಮಿಷ ಟೈಮ್ ಐತೇನ್ರಿ?" ಎಂದ. ಧಾರವಾಡದಿಂದ ಹತ್ತು ಕಿಲೋಮೀಟರ್ ಆಚೆಯ ಹಳ್ಳಿಯವನು, ಬಿ.ಎ. ಎರಡನೇ ವರ್ಷ. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸಂಜೆ ಜೆರಾಕ್ಸ್ ಅಂಗಡಿಯ ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಊರಿನ ಕೊನೆಯ ಬಸ್ಸು ಹೋಗಿರುತ್ತದೆ. ಮೋಟರ್‌ಬೈಕು ಕೊಂಡರೆ ಅದರ ಬೆಲೆಯ ಜೊತೆಗೆ ವಿಮೆ, ಲೈಸೆನ್ಸು, ದಿನದಿನದ ಪೆಟ್ರೋಲು. ಅಪ್ಪ ಗೋವಿನಜೋಳ ಮಾರಿದ ದುಡ್ಡಿನಲ್ಲಿ 35 ಸಾವಿರ ತೆಗೆದಿಟ್ಟಿದ್ದಾರಂತೆ. ಎಲೆಕ್ಟ್ರಿಕ್ ಸೈಕಲ್ ಕೊಳ್ಳಬೇಕು. ಫೋನು ತೆಗೆದು ತೋರಿಸಿದ. ಎರಡು ಸೈಕಲ್ಲುಗಳು ಅಕ್ಕಪಕ್ಕ, ಕೆಳಗೆ ಇಪ್ಪತ್ತು ಸಾಲಿನ ಹೋಲಿಕೆಯ ಪಟ್ಟಿ. ರೇಂಜ್, ಟಾಪ್ ಸ್ಪೀಡ್, ಡಿಸ್‌ಪ್ಲೇ, ಆ್ಯಪ್, ಬಣ್ಣ. "ಯಾವುದು ತಗೊಳ್ಲಿ, ನೀವ ಹೇಳ್ರಿ ಸರ್."

ನನ್ನನ್ನೇ ಕೇಳಲು ಕಾರಣವಿತ್ತು. ನಾನು ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಕಾಲೇಜಿಗೆ ಬರುತ್ತಿದ್ದುದನ್ನು ಸೀನಿಯರ್‌ಗಳು ಅವನಿಗೆ ಹೇಳಿದ್ದರು. ಆ ಸೈಕಲ್ಲು ಈಗ ನಮ್ಮ ಮನೆಯ ವರಾಂಡದಲ್ಲಿ ಒದ್ದೆ ಬಟ್ಟೆ ಹಾಕುವ ಕೆಲಸಕ್ಕೆ ಬರುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅದನ್ನು ಕೊಂಡಾಗ ನಾನೂ ಇಂಥದ್ದೇ ಪಟ್ಟಿ ನೋಡಿದ್ದೆ. ಪಟ್ಟಿಯಲ್ಲಿ ಗೆದ್ದದ್ದನ್ನು 38 ಸಾವಿರ ಕೊಟ್ಟು ತಂದೆ. ಚಂದವಾಗಿತ್ತು. ಬ್ಯಾಟರಿ ಚೌಕಟ್ಟಿನ ಕೊಳವೆಯೊಳಗೇ ಅಡಗಿತ್ತು, ಒಂದು ವೈರೂ ಹೊರಗೆ ಕಾಣುತ್ತಿರಲಿಲ್ಲ. ಎರಡು ವರ್ಷ ಸುಖವಾಗಿ ಓಡಿತು. ಮೂರನೇ ಮಳೆಗಾಲದಲ್ಲಿ ಡಿಸ್‌ಪ್ಲೇ ಮೇಲೆ ಒಂದು ಸಂಖ್ಯೆ ಮಿಣುಕಿ, ಚಾರ್ಜ್ ಆಗುವುದನ್ನೇ ನಿಲ್ಲಿಸಿತು. ಮಾರಿದ ಅಂಗಡಿಯವರು ಆ ಹೊತ್ತಿಗೆ ಬೇರೆ ಕಂಪನಿಯ ಬೋರ್ಡು ಹಾಕಿಕೊಂಡಿದ್ದರು. ಫೋನಿನಲ್ಲಿ ಸಿಕ್ಕವರು, ಆ ಮಾದರಿ ನಿಂತುಹೋಗಿದೆ, ಬ್ಯಾಟರಿ ಬರುವುದಿಲ್ಲ, ಹೊಸ ಮಾದರಿಗೆ ರಿಯಾಯಿತಿ ಕೊಡುತ್ತೇವೆ ಎಂದರು. ಕೊನೆಗೆ ಓಣಿಯ ತುದಿಯಲ್ಲಿ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುವ ಕಾಕಾನ ಹತ್ತಿರ ತಳ್ಳಿಕೊಂಡು ಹೋದೆ. ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪಾನಾ ಕೆಳಗಿಟ್ಟು ಹೇಳಿದರು: "ಸರ, ಸೈಕಲ್ ಅಂದ್ರ ಎಲ್ಲಾ ಹೊರಗ ಕಾಣಬೇಕ್ರಿ. ಇದರಾಗ ಏನೂ ಕಾಣಂಗಿಲ್ಲ. ನಾ ಏನ್ ಬಿಚ್ಚಲಿ?"

ಬ್ಯಾಟರಿ ಇಲ್ಲದೆ ತುಳಿದು ನೋಡಿದೆ. 24 ಕಿಲೋ ತೂಕ, ಗೇರಿಲ್ಲ. ವಿಶ್ವವಿದ್ಯಾಲಯವಿರುವ ಛೋಟಾ ಮಹಾಬಳೇಶ್ವರದ ಏರು ಬಿಡಿ, ನಮ್ಮ ಓಣಿಯ ಏರನ್ನೂ ಅದು ಹತ್ತಲಿಲ್ಲ. ನಾನು ಕೊಂಡದ್ದು ಸೈಕಲ್ ಆಗಿರಲಿಲ್ಲ. ಸೈಕಲ್ಲಿನ ಆಕಾರದ, ಎರಡು ವರ್ಷ ಆಯಸ್ಸಿನ ಫೋನಾಗಿತ್ತು.

ಇದನ್ನು ನನ್ನೊಬ್ಬನ ದುರದೃಷ್ಟ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಆ ಹುಡುಗನ ಪಟ್ಟಿ ನೋಡಿದ ಮೇಲೆ ಸುಮ್ಮನಿರುವುದು ತಪ್ಪು ಅನ್ನಿಸಿತು. ಎಲೆಕ್ಟ್ರಿಕ್ ಸೈಕಲ್ಲುಗಳನ್ನು ನಾವು ಇಂದು ಹೋಲಿಸುತ್ತಿರುವ ರೀತಿಯೇ ಮೋಸದ್ದು. ಪಟ್ಟಿಯ ಇಪ್ಪತ್ತು ಸಾಲುಗಳಲ್ಲಿ ಇರಬೇಕಾದ ಒಂದೇ ಒಂದು ಸಾಲು ಇರುವುದಿಲ್ಲ: ಬ್ಯಾಟರಿ ಸತ್ತ ದಿನ, ಕಂಪನಿ ಮುಚ್ಚಿದ ದಿನ, ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಈ ಪ್ರಶ್ನೆಗೆ ಉತ್ತರ ಕೊಡಲಾರದ ಸೈಕಲ್ಲನ್ನು ಯಾವ ವಿದ್ಯಾರ್ಥಿಯೂ ಕೊಳ್ಳಬಾರದು ಎನ್ನುವುದು ನನ್ನ ವಾದ.

ಮೊದಲು ಪಟ್ಟಿಯನ್ನೇ ಬಿಚ್ಚಿ ನೋಡೋಣ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 0.25 ಕಿಲೋವಾಟ್‌ಗಿಂತ, ಅಂದರೆ 250 ವಾಟ್‌ಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರ್ ವೇಗದ ಮಿತಿಯೊಳಗಿದ್ದರೆ ಮಾತ್ರ ಅದು ಮೋಟಾರು ವಾಹನವಲ್ಲ. ಹಾಗಿದ್ದರಷ್ಟೇ ನೋಂದಣಿ ಬೇಡ, ಲೈಸೆನ್ಸು ಬೇಡ. ಯುರೋಪಿನಲ್ಲೂ ಹೆಚ್ಚುಕಡಿಮೆ ಇದೇ ಗೆರೆ: 250 ವಾಟ್, 25 ಕಿಲೋಮೀಟರ್. ಕಾನೂನಿನ ಒಳಗಿರುವ ಎಲ್ಲ ಎಲೆಕ್ಟ್ರಿಕ್ ಸೈಕಲ್ಲುಗಳೂ ಶಕ್ತಿಯಲ್ಲಿ, ವೇಗದಲ್ಲಿ ಒಂದೇ ಬೇಲಿಯೊಳಗಿನ ದನಗಳು. ಹಾಗಾದರೆ ಕಂಪನಿಗಳು ಸ್ಪರ್ಧೆ ಮಾಡುವುದು ಯಾತರಲ್ಲಿ? ಮೈಬಣ್ಣದಲ್ಲಿ, ಪರದೆಯಲ್ಲಿ, ಆ್ಯಪ್‌ನಲ್ಲಿ ಮತ್ತು ರೇಂಜ್ ಎಂಬ ಸಂಖ್ಯೆಯಲ್ಲಿ. ಕೆಲವು ಮಾರಾಟಗಾರರು ಇನ್ನೂ ಮುಂದೆ ಹೋಗಿ, "ಒಂದು ಬಟನ್ ಒತ್ತಿದ್ರೆ 35ಕ್ಕೆ ಓಡ್ತದೆ" ಎಂದು ಕಿವಿಯಲ್ಲಿ ಹೇಳುತ್ತಾರೆ. ಆ ಬಟನ್ ಒತ್ತಿದ ಕ್ಷಣ ನೀವು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ ಓಡಿಸುತ್ತಿದ್ದೀರಿ ಎಂಬುದನ್ನು ಮಾತ್ರ ಹೇಳುವುದಿಲ್ಲ. ಯಾರಿಗಾದರೂ ಗುದ್ದಿದರೆ ಅದರ ಲೆಕ್ಕ ನಿಮ್ಮ ತಲೆಯ ಮೇಲೆ.

ರೇಂಜ್ ಎಂಬ ಸಂಖ್ಯೆಯ ಒಳಗುಟ್ಟು ತಿಳಿಯಲು ಎಂಟನೇ ಕ್ಲಾಸಿನ ಗಣಿತ ಸಾಕು. ಬ್ಯಾಟರಿಯ ಮೇಲೆ 36 ವೋಲ್ಟ್, 10 ಆ್ಯಂಪಿಯರ್-ಅವರ್ ಎಂದು ಬರೆದಿದ್ದರೆ, ಎರಡನ್ನೂ ಗುಣಿಸಿ: 360 ವಾಟ್-ಅವರ್. ಅದು ಟ್ಯಾಂಕಿನಲ್ಲಿರುವ ನೀರು. ತುಳಿಯದೆ ಬರೀ ಮೋಟಾರಿನ ಮೇಲೆ ಹೋದರೆ ಕಿಲೋಮೀಟರಿಗೆ ಸುಮಾರು 15 ವಾಟ್-ಅವರ್ ಖರ್ಚು. ಅಂದರೆ 24 ಕಿಲೋಮೀಟರ್. ಚೆನ್ನಾಗಿ ತುಳಿಯುತ್ತ ಹೋದರೆ 8ರಿಂದ 10. ಅಂದರೆ 36ರಿಂದ 45 ಕಿಲೋಮೀಟರ್. ಇಷ್ಟೇ ಬ್ಯಾಟರಿಗೆ ಬ್ರೋಷರಿನಲ್ಲಿ 70 ಎಂದಿದ್ದರೆ, ಅದು ಹಗುರ ಮನುಷ್ಯ, ಸಪಾಟು ರಸ್ತೆ, ಗಾಳಿಯಿಲ್ಲದ ದಿನ ಮತ್ತು ಅತಿ ಕಡಿಮೆ ನೆರವಿನ ಲೆಕ್ಕ. ಧಾರವಾಡದಲ್ಲಿ ಅಂಥ ರಸ್ತೆಯೂ ಇಲ್ಲ, ಆಷಾಢದಲ್ಲಿ ಅಂಥ ದಿನವೂ ಇಲ್ಲ.

ಈ ಗುಣಾಕಾರವನ್ನು ಆ ಹುಡುಗನ ದಿನಕ್ಕೆ ಹಚ್ಚಿ ನೋಡಿ. ಹೋಗಿ ಬರಲು 20 ಕಿಲೋಮೀಟರ್. ಏರಿನ ಹಾದಿಯಲ್ಲಿ ಅಷ್ಟಿಷ್ಟು ತುಳಿಯುತ್ತ ಕಿಲೋಮೀಟರಿಗೆ 12 ವಾಟ್-ಅವರ್ ಹಿಡಿದರೆ 240. ಹೊಸ ಬ್ಯಾಟರಿಗೆ ಇದು ಸಲೀಸು. ಆದರೆ ಲಿಥಿಯಂ ಬ್ಯಾಟರಿ ಸವೆಯುತ್ತದೆ. ಈ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬರುವ ಬಗೆಯದು 500ರಿಂದ 800 ಸಲ ಪೂರ್ತಿ ತುಂಬಿ ಬರಿದಾಗುವ ಹೊತ್ತಿಗೆ ತನ್ನ ಶಕ್ತಿಯ ಐದರಲ್ಲಿ ಒಂದು ಪಾಲು ಕಳೆದುಕೊಂಡಿರುತ್ತದೆ. ಬಿಸಿಲು, ವಯಸ್ಸು ಬೇರೆ. ಮೂರು ವರ್ಷದ ಡಿಗ್ರಿ ಮುಗಿಯುವ ಹೊತ್ತಿಗೆ 360 ಇದ್ದದ್ದು 260ರ ಆಸುಪಾಸಿಗೆ ಇಳಿದಿದ್ದರೆ ಆಶ್ಚರ್ಯವಿಲ್ಲ. ಎದುರುಗಾಳಿಯ ಒಂದು ಸಂಜೆ ಸಾಕು, ಊರು ಎರಡು ಕಿಲೋಮೀಟರ್ ಇದೆ ಎನ್ನುವಾಗ ಅದು ಕೈಕೊಡುತ್ತದೆ. ಆಗ ಅವನಿಗೆ ಬೇಕಾಗುವುದು ಎರಡು. ಒಂದು, ಬ್ಯಾಟರಿಯನ್ನು ಕಳಚಿ ಚೀಲದಲ್ಲಿಟ್ಟುಕೊಂಡು ಹೋಗಿ ಕಾಲೇಜಿನಲ್ಲಿ ಚಾರ್ಜಿಗೆ ಇಡುವ ಅನುಕೂಲ. ಎರಡು, ಬ್ಯಾಟರಿ ಇಲ್ಲದೆಯೂ ಉಳಿದ ದಾರಿ ತುಳಿದುಕೊಂಡು ಹೋಗಬಹುದಾದ ಸೈಕಲ್ಲು. ಅವನ ಪಟ್ಟಿಯಲ್ಲಿ ಗೆದ್ದಿದ್ದ ಸೈಕಲ್ಲಿನಲ್ಲಿ ಎರಡೂ ಇರಲಿಲ್ಲ. ಅದರ ಬ್ಯಾಟರಿ ಕೊಳವೆಯೊಳಗೆ, ಅದಕ್ಕೆ ಗೇರಿಲ್ಲ. ಸೋತಿದ್ದ ಸೈಕಲ್ಲಿನಲ್ಲಿ ಎರಡೂ ಇದ್ದವು. ಅದರ ಬ್ಯಾಟರಿ ಕೊಳವೆಯ ಮೇಲೆ ಡಬ್ಬಿಯ ಹಾಗೆ ಕೂತಿತ್ತು. ಬೀಗದ ಕೈ ತಿರುವಿದರೆ ಕೈಗೆ ಬರುತ್ತದೆ. "ನೋಡಾಕ ಛಂದಿಲ್ರಿ ಸರ್" ಎಂಬುದು ಅವನ ತಕರಾರು.

ಈ "ಛಂದ" ಎನ್ನುವುದು ಎಲ್ಲಿಂದ ಬಂತು ಎಂದು ಸಾಹಿತ್ಯ ಓದುವ ನಾವಾದರೂ ಕೇಳಿಕೊಳ್ಳಬೇಕು. ಹಿಂದಿನ ಸೈಕಲ್ಲಿನಲ್ಲಿ ಚೈನು, ಬ್ರೇಕಿನ ಕಡ್ಡಿ, ಡೈನಮೋ ಎಲ್ಲ ಹೊರಗೇ ಇದ್ದವು. ಅದನ್ನು ಯಾರೂ ಕುರೂಪ ಎನ್ನಲಿಲ್ಲ. ಹತ್ತು ವರ್ಷದ ಹುಡುಗ ಚೈನು ಕಳಚಿದರೆ ತಾನೇ ಹಾಕಿಕೊಂಡು, ಕೈಯ ಕರಿ ಎಣ್ಣೆಯನ್ನು ಚಡ್ಡಿಗೆ ಒರೆಸಿಕೊಂಡು ಹೋಗುತ್ತಿದ್ದ. ಈಗ ಕೆಲಸದ ಭಾಗಗಳು ಕಾಣದಿರುವುದೇ ಚಂದ ಎಂದು ನಮ್ಮ ಕಣ್ಣನ್ನು ಪಳಗಿಸಲಾಗಿದೆ. ಕಾಣದ್ದನ್ನು ಬಿಚ್ಚಲಾಗುವುದಿಲ್ಲ, ಬಿಚ್ಚಲಾಗದ್ದನ್ನು ರಿಪೇರಿ ಮಾಡಲಾಗುವುದಿಲ್ಲ, ರಿಪೇರಿಯಾಗದ್ದನ್ನು ಮತ್ತೆ ಕೊಳ್ಳಬೇಕು. ಈ ಚಂದದ ಹಿಂದೆ ವ್ಯಾಪಾರವಿದೆ.

ಇದು ನಮ್ಮ ಊರಿನ ಕಥೆ ಮಾತ್ರ ಎಂದುಕೊಳ್ಳಬೇಡಿ. ಸೈಕಲ್ಲಿನ ತವರು ಎನ್ನಬಹುದಾದ ನೆದರ್‌ಲ್ಯಾಂಡ್ಸ್‌ನಲ್ಲಿ, ಆ್ಯಮ್‌ಸ್ಟರ್‌ಡ್ಯಾಮ್‌ನಲ್ಲಿ ವ್ಯಾನ್‌ಮೂಫ್ ಎಂಬ ಕಂಪನಿ 2009ರಲ್ಲಿ ಶುರುವಾಯಿತು. ಅದರ ಎಲೆಕ್ಟ್ರಿಕ್ ಸೈಕಲ್ಲು ಅಂದಕ್ಕೆ ಹೆಸರಾಗಿತ್ತು. ಒಳಗೇ ಅಡಗಿದ ಬ್ಯಾಟರಿ, ಕಾಣದ ವೈರು, ಫೋನಿನಿಂದ ತೆರೆಯುವ ಬೀಗ. ಬಹಳಷ್ಟು ಬಿಡಿಭಾಗಗಳು ಆ ಕಂಪನಿಯವೇ, ಬೇರೆಡೆ ಸಿಗುವಂಥವಲ್ಲ. 2023ರ ಜುಲೈಯಲ್ಲಿ ಕಂಪನಿ ದಿವಾಳಿಯೆದ್ದಿತು. ಸೈಕಲ್ಲು ಕೊಂಡವರಿಗೆ ಹೊಸದೊಂದು ಭಯ ಹುಟ್ಟಿತು: ಫೋನು ಮತ್ತು ಸೈಕಲ್ಲಿನ ನಡುವಿನ ಡಿಜಿಟಲ್ ಕೀಲಿ ಬರುವುದು ಕಂಪನಿಯ ಸರ್ವರ್‌ನಿಂದ. ಸರ್ವರ್ ನಿಂತರೆ ದುಡ್ಡು ಕೊಟ್ಟು ಕೊಂಡ ಸೈಕಲ್ಲನ್ನು ತೆರೆಯುವುದು ಹೇಗೆ? ಆಗ ಬೆಲ್ಜಿಯಂನ ಕೌಬಾಯ್ ಎಂಬ ಪ್ರತಿಸ್ಪರ್ಧಿ ಕಂಪನಿ, ಆ ಕೀಲಿಯನ್ನು ಉಳಿಸಿಟ್ಟುಕೊಳ್ಳಲೆಂದೇ ಒಂದು ಆ್ಯಪ್ ಮಾಡಿ ಹಂಚಿತು. ಕೆಲವು ವಾರಗಳ ಬಳಿಕ ಮತ್ತೊಂದು ಕಂಪನಿ ವ್ಯಾನ್‌ಮೂಫನ್ನು ಕೊಂಡಿತು ನಿಜ. ಆದರೆ ಆ ಬೇಸಿಗೆಯಲ್ಲಿ ತಮ್ಮದೇ ಸೈಕಲ್ಲಿನ ಮುಂದೆ ಸಾವಿರಾರು ಜನ ಅನಾಥರಂತೆ ನಿಂತಿದ್ದರು. ಯುರೋಪಿನ ಒಳ್ಳೆಯ ರಸ್ತೆ, ಗಟ್ಟಿ ಗ್ರಾಹಕ ಕಾನೂನು, ದಪ್ಪ ಜೇಬು ಇದ್ದವರಿಗೇ ಹೀಗಾದರೆ, ಗೋವಿನಜೋಳ ಮಾರಿದ ದುಡ್ಡಿನ ಗತಿಯೇನು?

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಆ ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳಿಗೆ ಲೆಕ್ಕವಿರಲಿಲ್ಲ. ಬೆಸುಗೆ ಬಿಡುತ್ತಿತ್ತು, ರಿಮ್ಮು ಸೊಟ್ಟಗಾಗುತ್ತಿತ್ತು. ಆದರೂ ಅವು ಓಡಿದವು. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಹಾಲು ಹಾಕುವ ಅಪ್ಪನಿಗೆ ದಾಟಿ ಓಡಿದವು. ಕಾರಣ ಒಂದೇ. ಅವುಗಳ ಟ್ಯೂಬು, ಟಯರು, ಚೈನು, ಫ್ರೀವ್ಹೀಲು ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತಿದ್ದವು, ಅವನ್ನು ಹಾಕಲು ಬರುವವರು ಪ್ರತಿ ಬಸ್‌ಸ್ಟ್ಯಾಂಡಿನಲ್ಲೂ ಇದ್ದರು. ಯಾವ ಕಂಪನಿ ಮಾಡಿತು ಎನ್ನುವುದು ಆ ಸೈಕಲ್ಲಿನ ಆಯಸ್ಸನ್ನು ತೀರ್ಮಾನಿಸಲಿಲ್ಲ. ನೂರು ವರ್ಷದಲ್ಲಿ ಜನರೇ ಕಟ್ಟಿಕೊಂಡ ಬಿಡಿಭಾಗಗಳ, ಕೈಚಳಕದ ಜಾಲ ಅದನ್ನು ತೀರ್ಮಾನಿಸಿತು. ಎಲೆಕ್ಟ್ರಿಕ್ ಸೈಕಲ್ ಕೊಳ್ಳುವಾಗ ನಾವು ಕೇಳಬೇಕಾದದ್ದು, ಇದು ಆ ಜಾಲದ ಒಳಗಿದೆಯೇ, ಹೊರಗಿದೆಯೇ ಎಂದು.

ಹಾಗೆ ನೋಡಿದರೆ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ನಿಗೂಢವಾದದ್ದು ಏನೂ ಇಲ್ಲ. ಸೈಕಲ್ಲಿಗೆ ಮೋಟಾರು ಸೇರಿಸುವ ಪೇಟೆಂಟ್ ಅಮೆರಿಕದಲ್ಲಿ 1895ರಲ್ಲೇ ದಾಖಲಾಗಿದೆ. ತುಳಿಯುವವನ ಬಲಕ್ಕೆ ತಕ್ಕಂತೆ ಮೋಟಾರು ನೆರವಾಗುವ ಸೈಕಲ್ಲನ್ನು ಜಪಾನಿನ ಯಮಾಹಾ 1993ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಬ್ಯಾಟರಿ ಎಂದರೆ ಹೆಬ್ಬೆರಳಿನ ಗಾತ್ರದ ಕೋಶಗಳ ಕಟ್ಟು. 36 ವೋಲ್ಟ್ ಬರಬೇಕಾದರೆ ಹತ್ತು ಕೋಶಗಳು ಸಾಲಾಗಿ ನಿಲ್ಲಬೇಕು, ಅಂಥ ನಾಲ್ಕು ಸಾಲು ಸೇರಿದರೆ ನಲವತ್ತು ಕೋಶಗಳ ಒಂದು ಬ್ಯಾಟರಿ. ಅವುಗಳ ಮೇಲೊಂದು ಕಾವಲು ಸರ್ಕ್ಯೂಟ್. ಎಷ್ಟೋ ಸಲ "ಬ್ಯಾಟರಿ ಹೋಯಿತು" ಎಂದಾಗ ನಿಜವಾಗಿ ಹೋಗಿರುವುದು ಕೆಲವೇ ಕೋಶಗಳು. ಒಂದು ಗುಂಪು ಸೊರಗಿದರೆ ಕಾವಲು ಸರ್ಕ್ಯೂಟ್ ಇಡೀ ಕಟ್ಟನ್ನು ನಿಲ್ಲಿಸುತ್ತದೆ. ತಿಳಿದವರ ಕೈಯಲ್ಲಿ ಇದು ರಿಪೇರಿಯಾಗುವ ಕೆಲಸ. ಆದರೆ ಅಂಟು ಸುರಿದು ಮುಚ್ಚಿದ, ಬೇರೆ ಬ್ಯಾಟರಿ ಹಾಕಿದರೆ ಮೋಟಾರು ಗುರುತಿಸದಂತೆ ಸಾಫ್ಟ್‌ವೇರ್ ಬೀಗ ಹಾಕಿದ ಸೈಕಲ್ಲಿನಲ್ಲಿ ತಿಳಿದವರೂ ಕೈ ಕಟ್ಟಿ ಕೂರಬೇಕು.

ನಮ್ಮ ತೆರಿಗೆಯೂ ಈ ಆಟಕ್ಕೆ ನೆರವಾಗುತ್ತಿದೆ. ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿಯನ್ನು 2019ರ ಆಗಸ್ಟ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿಸಿದರು. ಎಲೆಕ್ಟ್ರಿಕ್ ಸೈಕಲ್ಲೂ ಅದರಲ್ಲಿ ಸೇರಿದೆ. ಒಳ್ಳೆಯದೇ. ಆದರೆ ಅದೇ ಸೈಕಲ್ಲಿಗೆ ಬೇಕಾದ ಲಿಥಿಯಂ ಬ್ಯಾಟರಿಯನ್ನು ಬಿಡಿಯಾಗಿ ಕೊಂಡರೆ ಶೇ. 18. ಅಂದರೆ ಹೊಸ ಸೈಕಲ್ಲು ಕೊಳ್ಳುವವನಿಗೆ ಬೆನ್ನು ತಟ್ಟುವ ಸರ್ಕಾರ, ಹಳೆಯದನ್ನು ಉಳಿಸಿಕೊಳ್ಳುವವನ ಕಿವಿ ಹಿಂಡುತ್ತದೆ. ಹಸಿರಿನ ಹೆಸರಿನಲ್ಲಿ ನಡೆಯುವ ನೀತಿ ಇದು. ಯುರೋಪಿನ 2023ರ ಬ್ಯಾಟರಿ ಕಾನೂನು ಬೇರೆ ದಾರಿ ಹಿಡಿದಿದೆ. 2027ರ ಫೆಬ್ರವರಿಯಿಂದ ಇಂಥ ಹಗುರ ವಾಹನಗಳ ಬ್ಯಾಟರಿಯನ್ನು ಕಂಪನಿಯ ಹೊರಗಿನ ಪರಿಣತ ಮೆಕ್ಯಾನಿಕ್ ಕೂಡ ತೆಗೆದು ಬದಲಿಸುವಂತಿರಬೇಕು, ಆ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಬದಲಿ ಬ್ಯಾಟರಿ ಸಿಗಬೇಕು ಎನ್ನುತ್ತದೆ ಅದು. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಸತ್ತ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಸತ್ತ ಮೇಲಿನ ಸಂಸ್ಕಾರಕ್ಕೆ ನಿಯಮವಾಯಿತು, ಬದುಕಿಸಿಕೊಳ್ಳುವ ಹಕ್ಕಿಗೂ ಒಂದು ನಿಯಮ ಬೇಕು.

ನನ್ನ ವಾದಕ್ಕೆ ಮೂರು ಆಕ್ಷೇಪಗಳು ಬರುತ್ತವೆ ಎಂದು ಗೊತ್ತಿದೆ.

ಮೊದಲನೆಯದು ಗಂಭೀರವಾದದ್ದು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತುತ್ತದೆ, ಯಾರು ಬೇಕಾದರೂ ಬಿಚ್ಚುವಂತಿದ್ದರೆ ಅಪಾಯವಲ್ಲವೇ? ನಿಜ. ನ್ಯೂಯಾರ್ಕ್ ನಗರದಲ್ಲಿ 2023ರ ಒಂದೇ ವರ್ಷದಲ್ಲಿ ಇಂಥ ಬೆಂಕಿಗಳಿಗೆ 18 ಜನ ಬಲಿಯಾದರು. ಅಲ್ಲಿ ಪರೀಕ್ಷೆ ಪಾಸಾಗದ ಎಲೆಕ್ಟ್ರಿಕ್ ಸೈಕಲ್, ಬ್ಯಾಟರಿ ಮಾರುವುದನ್ನೇ ಕಾನೂನಿನಿಂದ ನಿಲ್ಲಿಸಿದರು. ಆದ್ದರಿಂದ ಸಂತೆಯಲ್ಲಿ ಸಿಗುವ ಹೆಸರಿಲ್ಲದ ಬ್ಯಾಟರಿ ತಂದು ಸಿಕ್ಕ ಚಾರ್ಜರ್ ಹಾಕಿ, ರಾತ್ರಿಯಿಡೀ ತಲೆದೆಸೆಯಲ್ಲಿಟ್ಟು ಮಲಗಿ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕುಳಿತು ಕೋಶಗಳನ್ನು ಬಿಚ್ಚಿ ಎಂದೂ ಅಲ್ಲ. ಪರೀಕ್ಷೆಗೊಳಗಾದ, ಗುರುತಿರುವ, ಬದಲಿಸಬಹುದಾದ ಬ್ಯಾಟರಿ ಇರಲಿ, ಅದನ್ನು ರಿಪೇರಿ ಮಾಡಲು ಕಲಿತವರು ಊರಲ್ಲಿ ಇರಲಿ ಎನ್ನುತ್ತಿದ್ದೇನೆ. ಅಧಿಕೃತ ಬ್ಯಾಟರಿ ಸಿಗದಂತೆ ಮಾಡಿದಾಗಲೇ ಜನ ಹೆಸರಿಲ್ಲದ ಬ್ಯಾಟರಿಯ ಕಡೆಗೆ ಹೋಗುವುದು. ಬಿಡಿಭಾಗ ಸಿಗದಂತೆ ಮಾಡಿದ ಕಂಪನಿ ಸುರಕ್ಷತೆಯ ಪಾಠ ಹೇಳಬಾರದು.

ಎರಡನೆಯದು ನಮ್ಮ ಗೆಳೆಯರ ಬಳಗದಿಂದ ಬರುವುದು. "ತುಳಿಯಲಾರದವರಿಗೆ ಸೈಕಲ್ ಯಾಕೆ? ನಮ್ಮ ಕಾಲದಲ್ಲಿ ದಿನಾ ಇಪ್ಪತ್ತು ಮೈಲಿ ತುಳೀತಿದ್ವಿ." ಗೌರವದಿಂದಲೇ ಹೇಳುತ್ತೇನೆ, ಇದು ಹಳಹಳಿಕೆ. ಲೆಕ್ಕ ನೋಡಿ. ಸವಾರ 65 ಕಿಲೋ, ಸೈಕಲ್ಲು ಮತ್ತು ಪುಸ್ತಕದ ಚೀಲ 25 ಕಿಲೋ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹೋಗಲು ಸುಮಾರು 175 ವಾಟ್ ಬೇಕು. ಅಭ್ಯಾಸವಿಲ್ಲದ ಸಾಧಾರಣ ಮನುಷ್ಯ ಹೊತ್ತುಗಟ್ಟಲೆ ಆರಾಮಾಗಿ ಕೊಡಬಲ್ಲದ್ದು 75ರಿಂದ 100 ವಾಟ್. ಉಳಿದದ್ದನ್ನು ಮೋಟಾರು ಕೊಟ್ಟರೆ ಹುಡುಗ ಬೆವರು ಒರೆಸಿಕೊಳ್ಳುತ್ತ ಕ್ಲಾಸಿಗೆ ಬರುವುದಿಲ್ಲ, ಐವತ್ತು ದಾಟಿದ ಮೊಣಕಾಲಿನ ಮೇಷ್ಟ್ರು ಆಟೋ ಹಿಡಿಯುವುದಿಲ್ಲ. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟೂ ಬೇಡ. ಯೂನಿಟ್ಟಿಗೆ ಎಂಟು ರೂಪಾಯಿ ಹಿಡಿದರೂ ದಿನದ ಖರ್ಚು ₹4 ದಾಟುವುದಿಲ್ಲ. ಕಷ್ಟಪಡುವುದೇ ದೊಡ್ಡತನ ಎಂದು ಬರೆಯುವುದು ಕಾರಿನಲ್ಲಿ ಓಡಾಡುವವರಿಗೆ ಸುಲಭ. ಎಲೆಕ್ಟ್ರಿಕ್ ಸೈಕಲ್ಲನ್ನು ಬಯ್ಯಲು ನಾನು ಇದನ್ನು ಬರೆಯುತ್ತಿಲ್ಲ. ಅದು ಉಳಿಯಬೇಕೆಂದೇ ಬರೆಯುತ್ತಿದ್ದೇನೆ.

ಮೂರನೆಯದು ವ್ಯವಹಾರದ ಮಾತು. "ಇನ್ನೊಂದಿಷ್ಟು ದುಡ್ಡು ಹಾಕಿದ್ರೆ ಎಲೆಕ್ಟ್ರಿಕ್ ಸ್ಕೂಟರೇ ಬರ್ತದಲ್ಲ?" ಬರುತ್ತದೆ. ಆದರೆ ಚಾರ್ಜು ಮುಗಿದ ಸ್ಕೂಟರು ತಳ್ಳಬೇಕಾದ ಭಾರ. ಸೈಕಲ್ಲಿಗೆ ಇರುವ ಒಂದೇ ಒಂದು ದೊಡ್ಡ ಗುಣ, ಅದರ ಎಂಜಿನ್ನು ನಿಮ್ಮ ಕಾಲಿನಲ್ಲಿದೆ ಎಂಬುದು. ಆ ಗುಣವನ್ನೇ ಕಳೆದುಕೊಂಡ, ತುಳಿಯಲಾಗದ ಎಲೆಕ್ಟ್ರಿಕ್ ಸೈಕಲ್ಲಿಗಿಂತ ಸ್ಕೂಟರು ಮೇಲು ಎಂದು ನಾನೂ ಒಪ್ಪುತ್ತೇನೆ. ತುಳಿಯಲು ಬರುವಂಥದ್ದನ್ನು ಆರಿಸಿ ಎಂದು ಹಟ ಹಿಡಿಯುವುದು ಅದಕ್ಕಾಗಿಯೇ.

ಹಾಗಾದರೆ ಆರಿಸುವುದು ಹೇಗೆ? ಅಂಗಡಿಯಲ್ಲಿ ಮಾರುವವನು ಮಾತು ಶುರು ಮಾಡುವ ಮುಂಚೆ ನೀವು ಶುರು ಮಾಡಿ. ಮೊದಲು ಬ್ಯಾಟರಿ ಕಳಚಿಡಲು ಹೇಳಿ, ಬರೀ ಸೈಕಲ್ಲನ್ನು ಹತ್ತಿರದ ಏರಿನ ಮೇಲೆ ತುಳಿಯಿರಿ. ಗೇರು ಇದೆಯೇ, ಮೋಟಾರು ಚಕ್ರವನ್ನು ಹಿಡಿದೆಳೆಯುತ್ತದೆಯೇ ಎಂಬುದು ನೂರು ಮೀಟರಿನಲ್ಲಿ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಫೋನನ್ನು ಸ್ವಿಚ್ ಆಫ್ ಮಾಡಿ, ಬ್ಯಾಟರಿ ಹಾಕಿ ಓಡಿಸಿ. ಫೋನಿಲ್ಲದೆ ಓಡದ ಸೈಕಲ್ಲನ್ನು ಅಲ್ಲಿಯೇ ಬಿಟ್ಟು ಬನ್ನಿ. ಮೂರನೆಯದಾಗಿ ಹಿಂದಿನ ಚಕ್ರ ನೋಡಿ. ಮೋಟಾರು ಹೆಚ್ಚಾಗಿ ಅಲ್ಲಿಯೇ ಇರುತ್ತದೆ, ಪಂಕ್ಚರ್ ಆಗುವುದೂ ಹೆಚ್ಚಾಗಿ ಅಲ್ಲಿಯೇ. ವೈರಿಗೆ ಕಳಚುವ ಪ್ಲಗ್ ಇದೆಯೇ, ಸಾಧಾರಣ ಪಾನಾದಿಂದ ನಟ್ಟು ಬಿಚ್ಚುತ್ತದೆಯೇ? ಟಯರು, ಟ್ಯೂಬು, ಬ್ರೇಕ್ ಪ್ಯಾಡು ನಿಮ್ಮೂರಲ್ಲಿ ಸಿಗುವ ಅಳತೆಯವೇ? ನಾಲ್ಕನೆಯದಾಗಿ ಬದಲಿ ಬ್ಯಾಟರಿಯ ಇಂದಿನ ಬೆಲೆಯನ್ನು ಬಿಲ್ಲಿನ ಹಿಂದೆ ಬರೆದು ಸಹಿ ಹಾಕಲು ಹೇಳಿ. ಬೆಲೆ ಹೇಳಲು ತಡವರಿಸುವವರ ಹತ್ತಿರ ಬ್ಯಾಟರಿ ಇರುವುದಿಲ್ಲ.

ಸೆನ್ಸರ್‌ಗಳ ವಿಷಯಕ್ಕೂ ಇದೇ ಅಳತೆ. ಒಂದು ಬಗೆಯ ಸೆನ್ಸರ್ ಪೆಡಲು ತಿರುಗುತ್ತಿದೆಯೇ ಎಂದಷ್ಟೇ ನೋಡುತ್ತದೆ, ಇನ್ನೊಂದು ನೀವು ಎಷ್ಟು ಬಲ ಹಾಕುತ್ತಿದ್ದೀರಿ ಎಂದು ಅಳೆಯುತ್ತದೆ. ಎರಡನೆಯದು ಏರಿನಲ್ಲಿ ಖಂಡಿತ ಹಿತ. ಆದರೆ ಮೊದಲನೆಯದು ಸರಳ, ಅಗ್ಗ, ಕೆಟ್ಟರೆ ಕೆಲವು ನೂರು ರೂಪಾಯಿಯಲ್ಲಿ ಬದಲಾಗುತ್ತದೆ. ಷೋರೂಮಿನಿಂದ ನೂರಾರು ಮೈಲಿ ದೂರವಿರುವವರಿಗೆ ಸರಳವೇ ಮೇಲು.

ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಕೊಳ್ಳುವ ಮೊದಲು ಆ ಸೈಕಲ್ಲಿನ ಚಿತ್ರವನ್ನು, ಸಾಧ್ಯವಾದರೆ ಆ ಸೈಕಲ್ಲನ್ನೇ ನಿಮ್ಮ ಓಣಿಯ ಸೈಕಲ್ ಅಂಗಡಿಯವರಿಗೆ ತೋರಿಸಿ. ಯೂಟ್ಯೂಬಿನಲ್ಲಿ ಹೊಸ ಸೈಕಲ್ಲನ್ನು ಒಂದು ವಾರ ಓಡಿಸಿ ಅಂಕ ಕೊಡುವವರು ನಾಲ್ಕನೇ ವರ್ಷ ನಿಮ್ಮ ಜೊತೆಗಿರುವುದಿಲ್ಲ. ಇವರು ಇರುತ್ತಾರೆ.

ಕೊನೆಗೆ ನಮ್ಮ ಬಗ್ಗೆ ಒಂದು ಮಾತು. ಸಾಹಿತ್ಯದ ಮಂದಿ ಯಂತ್ರದ ಬಗ್ಗೆ ಬರೆಯುವಾಗ ಎರಡೇ ರಾಗ ಹಾಡುತ್ತೇವೆ. ಒಂದೋ ಯಂತ್ರ ಬಂದು ಎಲ್ಲ ಹಾಳಾಯಿತು ಎಂಬ ನಿಟ್ಟುಸಿರು, ಇಲ್ಲವೇ ಕಾಲ ಬದಲಾಗಿದೆ, ನಾವೂ ಬದಲಾಗಬೇಕು ಎಂಬ ಉಪದೇಶ. ಯಂತ್ರದ ಮುಚ್ಚಳ ತೆಗೆದು ಒಳಗೆ ಇಣುಕುವವರು ನಮ್ಮಲ್ಲಿ ಕಡಿಮೆ. ಕವಿತೆಯ ಒಂದು ಪದ ಅಲ್ಲೇಕೆ ಇದೆ ಎಂದು ಗಂಟೆಗಟ್ಟಲೆ ಜಗಳವಾಡುವ ನಾವು, 35 ಸಾವಿರ ಕೊಟ್ಟು ತಂದ ವಸ್ತುವಿನಲ್ಲಿ ಒಂದು ಸ್ಕ್ರೂ ಯಾಕೆ ಬಿಚ್ಚುವುದಿಲ್ಲ ಎಂದು ಕೇಳುವುದಿಲ್ಲ. "ಸ್ಮಾರ್ಟ್" ಎಂಬ ಜಾಹೀರಾತಿನ ಪದವನ್ನು ಅರ್ಥ ಕೇಳದೆ ಒಳಗೆ ಬಿಟ್ಟುಕೊಂಡಿದ್ದೇವೆ. ಅಂಗಡಿಯಲ್ಲಿ ಆ ಪದಕ್ಕೆ ಇರುವ ಅರ್ಥ ಒಂದೇ: ಇದನ್ನು ನೀನು ಮುಟ್ಟಬೇಡ.

ಹುಡುಗನಿಗೆ ನಾನು ಯಾವುದು ಕೊಳ್ಳಬೇಕು ಎಂದು ಹೇಳಲಿಲ್ಲ. ವರಾಂಡಕ್ಕೆ ಕರೆದುಕೊಂಡು ಹೋಗಿ ಬಟ್ಟೆ ಸರಿಸಿ ನನ್ನ ಸೈಕಲ್ಲು ತೋರಿಸಿದೆ, ಆಮೇಲೆ ಕಾಕಾನ ಅಂಗಡಿಗೆ ಕಳಿಸಿದೆ. ಹದಿನೈದು ದಿನ ಬಿಟ್ಟು ಬಂದ. ಡಬ್ಬಿಯ ಹಾಗೆ ಬ್ಯಾಟರಿ ಕೂತಿರುವ, ಏಳು ಗೇರಿನ, ಪಟ್ಟಿಯಲ್ಲಿ ಸೋತ ಸೈಕಲ್ಲು ಕಾಲೇಜಿನ ಬೇವಿನ ಮರದ ಕೆಳಗೆ ನಿಂತಿತ್ತು. ಬ್ಯಾಟರಿ ಅವನ ಚೀಲದಲ್ಲಿತ್ತು. ಪ್ರಾಂಶುಪಾಲರಿಗೆ ಅರ್ಜಿ ಬರೆದುಕೊಂಡು ಬಂದಿದ್ದ: ಗ್ರಂಥಾಲಯದ ಹೊರಗಿನ ಪ್ಲಗ್ ಪಾಯಿಂಟಿನಲ್ಲಿ ದಿನಕ್ಕೆ ಎರಡು ತಾಸು ಚಾರ್ಜ್ ಮಾಡಲು ಅನುಮತಿ ಬೇಕು, ಕರೆಂಟಿನ ದುಡ್ಡು ತಾನೇ ಕೊಡುತ್ತೇನೆ ಎಂದು. "ಕಾಕಾ ಏನಂದ್ರೋ?" ಎಂದು ಕೇಳಿದೆ.

"ಹಿಂದಿನ ಗಾಲಿ ಬಿಚ್ಚಿ ಹಾಕಿ ತೋರ್ಸಿದ್ರಿ ಸರ್. ಮುಂದಿನ ಸಲ ಪಂಕ್ಚರ್ ಆದ್ರ ನೀನ ತಗೀ, ನನ್ನ ಹತ್ರ ಬರಬ್ಯಾಡ ಅಂದ್ರು."

ಅರ್ಜಿಯ ಕೆಳಗೆ ನಾನು ಶಿಫಾರಸಿನ ಸಹಿ ಹಾಕಿದೆ.